ನೀರು, ಬೆಳಕು ಮತ್ತು ವಾಸ್ತು: ಅಲೀಪುರ–ನಂದಿ ಪರಿಸರದಿಂದ ಒಂದು ವಿವೇಚನೆ

ಚಿತ್ರ, ಶಿಲ್ಪ, ವಾಸ್ತು ಎಂಬ ಹಳೆಯ ವಿಂಗಡಣೆಗೆ ಸುಲಭವಾಗಿ ಒಳಪಡದ ಒಂದು ಕಲಾಪ್ರಕಾರ ಕಳೆದ ಕೆಲವು ದಶಕಗಳಲ್ಲಿ ಜಗತ್ತಿನಾದ್ಯಂತ ಗಮನ ಸೆಳೆದಿದೆ. ಇನ್‌ಸ್ಟಲೇಷನ್ ಎಂದು ಕರೆಯಲಾಗುವ ಇದನ್ನು ಕನ್ನಡದಲ್ಲಿ ‘ಪ್ರತಿಷ್ಠಾಪನಾ ಕಲೆ’ ಎಂದು ಹೆಸರಿಸುವುದು ರೂಢಿಯಾಗಿದೆ. ಇದರಲ್ಲಿ ನೋಡುಗನು ಕೃತಿಯ ಎದುರಿಗೆ ನಿಲ್ಲುವುದಿಲ್ಲ. ಅದರ ಒಳಗೆ ಪ್ರವೇಶಿಸುತ್ತಾನೆ. ವಾಸ್ತುಶಿಲ್ಪಿಗಳು ಈ ಕ್ಷೇತ್ರಕ್ಕೆ ಬಂದಾಗ ಅವರಲ್ಲಿ ಹಲವರು ಆಯ್ದುಕೊಂಡ ಸಾಮಗ್ರಿಗಳು ನೀರು ಮತ್ತು ಬೆಳಕು ಎಂಬುದು ಗಮನಾರ್ಹ. 2002ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸರೋವರದ ಮೇಲೆ ಎಲಿಜಬೆತ್ ಡಿಲ್ಲರ್ ಮತ್ತು ರಿಕಾರ್ಡೊ ಸ್ಕೊಫಿಡಿಯೊ ನಿರ್ಮಿಸಿದ ‘ಬ್ಲರ್ ಬಿಲ್ಡಿಂಗ್’ ಎಂಬ ಕಟ್ಟಡಕ್ಕೆ ಗೋಡೆಗಳೇ ಇರಲಿಲ್ಲ. ಸರೋವರದ ನೀರನ್ನೇ ಮೇಲೆತ್ತಿ, ಶೋಧಿಸಿ, ಮೂವತ್ತು ಸಾವಿರಕ್ಕೂ ಹೆಚ್ಚು ಸೂಕ್ಷ್ಮ ನಳಿಕೆಗಳ ಮೂಲಕ ಸಿಂಪಡಿಸಿ ಉಂಟುಮಾಡಿದ ಮಂಜಿನ ಮೋಡವೇ ಅದರ ಗೋಡೆಯೂ ಚಾವಣಿಯೂ ಆಗಿತ್ತು. ಜಪಾನಿನ ತೆಶಿಮಾ ದ್ವೀಪದಲ್ಲಿ 2010ರಲ್ಲಿ ವಾಸ್ತುಶಿಲ್ಪಿ ರ್‍ಯೂಎ ನಿಶಿಝಾವಾ ಮತ್ತು ಕಲಾವಿದೆ ರೇ ನೈಟೊ ರೂಪಿಸಿದ ಸಂಗ್ರಹಾಲಯದಲ್ಲಿ ಕಂಬಗಳಿಲ್ಲದ ಒಂದು ಕಾಂಕ್ರೀಟ್ ಚಿಪ್ಪು, ಆಕಾಶಕ್ಕೆ ತೆರೆದ ಎರಡು ರಂಧ್ರಗಳು, ನೆಲದಿಂದ ಹನಿಹನಿಯಾಗಿ ಒಸರುವ ನೀರು ಇವಿಷ್ಟನ್ನು ಬಿಟ್ಟು ಪ್ರದರ್ಶನಕ್ಕೆ ಬೇರೇನೂ ಇಲ್ಲ.

ಇಂತಹ ಕೃತಿಗಳನ್ನು ಕುರಿತ ಬರಹಗಳಲ್ಲಿ ಅವುಗಳ ನಾವೀನ್ಯವನ್ನು ಎತ್ತಿ ಹೇಳುವುದು ವಾಡಿಕೆ. ಹೆಸರು ಹೊಸದೆಂಬುದು ನಿಜ, ವ್ಯವಸ್ಥೆ ಹೊಸದಲ್ಲ. ನೋಡುಗನನ್ನು ನೀರು ಮತ್ತು ಬೆಳಕಿನ ನಡುವೆ ನಿಲ್ಲಿಸಿ, ಅವನ ಇಂದ್ರಿಯಗಳನ್ನೇ ಕೃತಿಯ ಭಾಗವಾಗಿಸುವ ವಾಸ್ತುವಿನ ನಿದರ್ಶನಗಳು ಕರ್ನಾಟಕದಲ್ಲಿ ಶತಮಾನಗಳಿಂದ ಇವೆ. ಅವುಗಳನ್ನು ಕಲ್ಲಿನ ಸ್ಮಾರಕಗಳೆಂದು ಮಾತ್ರ ಪಟ್ಟಿಮಾಡಿ, ಅವುಗಳ ಅರ್ಧಭಾಗವಾದ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದ ಏನು ಕಳೆದುಹೋಗುತ್ತಿದೆ ಎಂಬುದು ಇಲ್ಲಿನ ವಿವೇಚನೆಯ ವಿಷಯ.

ಈ ವಿವೇಚನೆಗೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಒಂದು ಸೂಕ್ತ ಆರಂಭಸ್ಥಳವಾಗಿದೆ. ಉತ್ತರ ಪಿನಾಕಿನಿಯ ಜಲಾನಯನದಲ್ಲಿರುವ ಈ ತಾಲ್ಲೂಕಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಿನಾಕಿನಿ ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಸಾಗುತ್ತದೆಯಾದರೂ ಅದರ ಪಾತ್ರ ವರ್ಷದ ಬಹುಕಾಲ ಮರಳಿನ ಪಾತ್ರವೇ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ಎರಡೂ ಜಿಲ್ಲೆಗಳ ಜಲಚರಿತ್ರೆ ಒಂದೇ. ನೆಲದಡಿಯ ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆ ಪದರವನ್ನು ತುಂಬಿಸುತ್ತಿದ್ದುದು ಕೆರೆಗಳ ಸರಣಿ. ಕೊಳವೆಬಾವಿಗಳು ಸಾವಿರ ಅಡಿಗೂ ಮೀರಿ ಇಳಿದಿರುವ, ದೊರೆತ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಳ್ಳುವ ಈ ಭಾಗದಲ್ಲಿ ನೀರನ್ನು ‘ಕಲೆಯ ಸಾಮಗ್ರಿ’ ಎಂದು ಕರೆಯುವುದು ಮೇಲ್ನೋಟಕ್ಕೆ ವಿಲಾಸವೆನಿಸಬಹುದು. ವಸ್ತುತಃ ನೀರಿನ ಅಭಾವವಿದ್ದ ನಾಡುಗಳೇ ಅದನ್ನು ಅತ್ಯಂತ ಎಚ್ಚರದಿಂದ ನೋಡಿವೆ, ಅದಕ್ಕೆ ಸ್ಥಳ ಕಲ್ಪಿಸಿವೆ.

ಅಲೀಪುರದ ಜನಸಂಖ್ಯೆಯಲ್ಲಿ ಶಿಯಾ ಮುಸ್ಲಿಮರೇ ಬಹುಸಂಖ್ಯಾತರು. ರತ್ನದ ಹರಳುಗಳ ಕೆಲಸ ಮತ್ತು ವ್ಯಾಪಾರಕ್ಕೆ ಈ ಊರು ಹೆಸರಾಗಿದೆ. ಹರಳನ್ನು ಉಜ್ಜಿ ಮುಖಗಳನ್ನು ತೆಗೆಯುವ ಕೆಲಸವೆಂದರೆ ಬೆಳಕು ಎಲ್ಲಿಂದ ಒಳಹೊಕ್ಕು ಎಲ್ಲಿಂದ ಹೊರಬರಬೇಕೆಂಬುದನ್ನು ಕೈಯಿಂದ ನಿರ್ಧರಿಸುವ ಕೆಲಸ. ಇದು ವಾಸ್ತುವಲ್ಲ, ನಿಜ. ಆದರೂ ಬೆಳಕಿನ ದಾರಿಯನ್ನು ಬಲ್ಲ ಕುಶಲಿಗಳ ಊರೆಂದು ಅದನ್ನು ನೆನೆಯುವುದರಲ್ಲಿ ತಪ್ಪಿಲ್ಲ. ಇನ್ನು ನೀರಿನ ವಿಚಾರ. ಮೊಹರಂನ ಶೋಕಾಚರಣೆಯಲ್ಲಿ ನೀರಿಗಿರುವ ಸ್ಥಾನವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಕರ್ಬಲಾದಲ್ಲಿ ಇಮಾಮ್ ಹುಸೇನರಿಗೂ ಅವರ ಪರಿವಾರಕ್ಕೂ ನದಿಯ ನೀರನ್ನು ತಡೆಯಲಾಯಿತೆಂಬ ಸ್ಮೃತಿಯೇ ಆ ಆಚರಣೆಯ ಕೇಂದ್ರದಲ್ಲಿದೆ. ದಾರಿಹೋಕರಿಗೆ ನೀರು, ಪಾನಕಗಳನ್ನು ನೀಡುವ ‘ಸಬೀಲ್’ ಆ ಸ್ಮೃತಿಯ ಫಲ. ಮಸೀದಿಯ ಅಂಗಳದ ‘ಹೌಜು’ ಅಂಗಶುದ್ಧಿಗೆಂದು ಇರುವ ಕೊಳವಾದರೂ ಇಸ್ಲಾಮಿಕ್ ವಾಸ್ತುಪರಂಪರೆಯಲ್ಲಿ ಅದು ಆಕಾಶವನ್ನು ನೆಲಕ್ಕಿಳಿಸುವ ಕನ್ನಡಿಯೂ ಆಗಿದೆ. ನೀರು ಇಲ್ಲಿ ಅಲಂಕಾರವಲ್ಲ, ಅದರ ಇರವು ಮತ್ತು ಇಲ್ಲದಿರುವಿಕೆ ಎರಡಕ್ಕೂ ಅರ್ಥವಿದೆ ಎಂಬ ಅಂಶವನ್ನು ಮುಂದಿನ ಚರ್ಚೆಗಾಗಿ ನೆನಪಿಡಬೇಕು.

ಇದೇ ಜಿಲ್ಲೆಯ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಸಮುಚ್ಚಯದಲ್ಲಿ ಮೇಲಿನ ಮಾತಿಗೆ ಅತ್ಯುತ್ತಮ ನಿದರ್ಶನವಿದೆ. ಒಂಬತ್ತನೆಯ ಶತಮಾನದಷ್ಟು ಹಿಂದಿನ ಶಾಸನಾಧಾರಗಳಿರುವ ಈ ದೇವಾಲಯಕ್ಕೆ ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಹೀಗೆ ಹಲವು ಕಾಲದವರ ಕೈ ಸೇರಿದೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ವಿಮಾನ, ಜಾಲಂಧ್ರ, ಕಲ್ಯಾಣಮಂಟಪದ ಕಂಬಗಳ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಶೃಂಗಿತೀರ್ಥವೆಂದು ಹೆಸರಾದ ಇಲ್ಲಿನ ಕಲ್ಯಾಣಿಗೆ ಆ ಬರಹಗಳಲ್ಲಿ ದೊರೆಯುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ. ನಂದಿಯು ತನ್ನ ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಹೊರತಂದನೆಂಬ ಸ್ಥಳಪುರಾಣವನ್ನು ಹೇಳಿ ಮುಂದೆ ಸಾಗುವುದೇ ಹೆಚ್ಚು. ಈ ಕಲ್ಯಾಣಿ ನೋಡುಗನ ಮೇಲೆ ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು.

ಗರ್ಭಗೃಹ ಮತ್ತು ನವರಂಗಗಳ ಕತ್ತಲೆಗೆ ಹೊಂದಿಕೊಂಡ ಕಣ್ಣು ಪ್ರಾಕಾರದ ಬಾಗಿಲುಗಳನ್ನು ದಾಟಿ ಕಲ್ಯಾಣಿಯ ಅಂಗಳಕ್ಕೆ ಬರುತ್ತದೆ. ಸುತ್ತಲೂ ಕಂಬಗಳ ಸಾಲಿನ ಕೈಸಾಲೆ. ನಡುವೆ ಒಮ್ಮೆಲೆ ನೆಲವೇ ಕೆಳಕ್ಕಿಳಿದಂತೆ ಮೆಟ್ಟಿಲುಗಳ ಸರಣಿ. ಕೈಸಾಲೆ ಮತ್ತು ನೆಲಮಟ್ಟದಿಂದ ಕೆಳಗಿರುವ ನೀರು, ಈ ಎರಡೂ ಸೇರಿ ಗಾಳಿಯನ್ನು ತಡೆಯುತ್ತವೆ. ಗಾಳಿ ತಡೆದಾಗ ನೀರಿನ ಮೇಲ್ಮೈ ನಿಶ್ಚಲವಾಗುತ್ತದೆ. ನಿಶ್ಚಲವಾದ ನೀರು ಕನ್ನಡಿಯಾಗುತ್ತದೆ. ಕೆಳಗಿಳಿದಂತೆ ಕಿರಿದಾಗುವ ಮೆಟ್ಟಿಲುಗಳ ಚೌಕ ನೀರಿನ ಅಂಚನ್ನು ಮುಟ್ಟಿದ ನಂತರ ಪ್ರತಿಬಿಂಬದಲ್ಲಿ ಮತ್ತೆ ಅಗಲವಾಗುತ್ತ ಆಳಕ್ಕಿಳಿಯುವಂತೆ ತೋರುತ್ತದೆ. ಡಮರುವಿನ ಆಕಾರದ ಈ ಕಲ್ಪಿತ ಅವಕಾಶದ ತಳದಲ್ಲಿ ಇರುವುದು ಆಕಾಶ. ಕೆಳಗೆ ನೋಡಿದಾಗ ಮೇಲಿನದು ಕಾಣುವಂತೆ ಮಾಡಲು ಇಲ್ಲಿ ಬಳಕೆಯಾಗಿರುವುದು ಕಲ್ಲು ಮತ್ತು ನೀರು ಮಾತ್ರ.

ಇದರ ಹಿಂದಿನ ದೃಗ್ವಿಜ್ಞಾನ ಸರಳವಾದುದು. ನೆತ್ತಿಯ ಮೇಲಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ನಿಶ್ಚಲ ನೀರು ಹಿಂದಿರುಗಿಸುವುದು ಸುಮಾರು ಶೇ. 2 ಭಾಗ ಮಾತ್ರ. ಉಳಿದದ್ದು ಒಳಗೆ ಇಳಿದುಹೋಗುತ್ತದೆ. ಬೆಳಕು ಓರೆಯಾದಂತೆ ಈ ಪ್ರಮಾಣ ಹೆಚ್ಚುತ್ತದೆ. ನೀರಿನ ಮೇಲ್ಮೈಗೆ ಹತ್ತು ಡಿಗ್ರಿಯಷ್ಟು ಓರೆಯಲ್ಲಿ ಬಂದ ಬೆಳಕಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರತಿಫಲಿಸುತ್ತದೆ. ಆದ್ದರಿಂದ ಮೇಲಿನ ಕಟ್ಟೆಯ ಮೇಲೆ ನಿಂತು ಹತ್ತಿರದ ನೀರನ್ನು ನೋಡಿದವನಿಗೆ ಹಸಿರು ಆಳ ಕಾಣುತ್ತದೆ. ಕೆಳಗಿನ ಮೆಟ್ಟಿಲಿಗೆ ಇಳಿದು ಕುಳಿತು ಎದುರು ದಡದತ್ತ ದೃಷ್ಟಿ ಹಾಯಿಸಿದವನಿಗೆ ಅದೇ ನೀರು ಬೆಳ್ಳಿಯ ತಗಡಾಗುತ್ತದೆ. ಇಳಿಯುವ ಕ್ರಿಯೆಯೇ ನೋಟವನ್ನು ಬದಲಿಸುತ್ತದೆ. ಹಬ್ಬದ ರಾತ್ರಿಗಳಲ್ಲಿ ಮೆಟ್ಟಿಲುಗಳ ಮೇಲೆ ಹಣತೆ ಇಡುವಾಗ ನೀರಿಗೆ ಸಮೀಪದ ಸಾಲುಗಳು ಎದುರು ದಡದವರಿಗೆ ಹೆಚ್ಚು ಪ್ರಖರವಾಗಿ ಇಮ್ಮಡಿಯಾಗಿ ಕಾಣುವುದಕ್ಕೂ ಇದೇ ಕಾರಣ. ಚಿಕ್ಕ ಅಲೆಯೊಂದು ಎದ್ದರೆ ಚುಕ್ಕೆಯಾಗಿದ್ದ ಪ್ರತಿಬಿಂಬ ನೋಡುಗನತ್ತ ಚಾಚಿದ ಗೆರೆಯಾಗುತ್ತದೆ. ನೋಡುಗನು ಸ್ಥಾನ ಬದಲಿಸಿದರೆ ಗೆರೆಯೂ ಅವನೊಡನೆ ಚಲಿಸುತ್ತದೆ. ಪ್ರತಿಯೊಬ್ಬನಿಗೂ ಅವನದೇ ಕೃತಿ. ಇಂದಿನ ಪ್ರತಿಷ್ಠಾಪನಾ ಕಲೆಯ ವ್ಯಾಖ್ಯಾನಕಾರರು ‘ನೋಡುಗನ ಪಾಲ್ಗೊಳ್ಳುವಿಕೆ’ ಎಂದು ಕರೆಯುವುದು ಇದನ್ನೇ.

ನೀರಿನ ಮಟ್ಟ ಋತುವಿನೊಡನೆ ಏರಿಳಿಯುತ್ತದೆ ಎಂಬ ಅಂಶವೂ ಇಲ್ಲಿ ಮುಖ್ಯ. ಮಳೆಗಾಲದ ಕೊನೆಗೆ ಮೆಟ್ಟಿಲುಗಳು ಮುಳುಗಿ ನೀರು ಮೇಲೆ ಬಂದಾಗ ಕೈಸಾಲೆಯ ಕಂಬಗಳೇ ನೀರಿನಲ್ಲಿ ಕಾಣುವುದಕ್ಕೆ ಅವಕಾಶವಿರುತ್ತದೆ. ಬೇಸಿಗೆಯಲ್ಲಿ ಡಮರುವಿನ ನಡು ಕಿರಿದಾಗಿ ಕೆಳಗಿಳಿಯುತ್ತದೆ. ಕೃತಿ ಒಂದೇ ಆದರೂ ರೂಪ ತಿಂಗಳಿಗೊಂದು. ಆದರೆ ನೀರು ಪೂರ್ತಿ ಬತ್ತಿದ ಕಲ್ಯಾಣಿ ಈ ರೂಪಸರಣಿಯ ಕೊನೆಯ ಘಟ್ಟವಲ್ಲ. ಅಲ್ಲಿ ಕೃತಿಯೇ ಇಲ್ಲ. ಉಳಿಯುವುದು ಚೊಕ್ಕವಾಗಿ ಕಟ್ಟಿದ ಒಂದು ಗುಂಡಿ. ಹಂಪೆಯ ಮಹಾನವಮಿ ದಿಬ್ಬದ ಬಳಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಕರಿಕಲ್ಲಿನ ಮೆಟ್ಟಿಲುಕೊಳವನ್ನು ನೋಡಿದವರಿಗೆ ಈ ಮಾತು ಸ್ಪಷ್ಟವಾಗುತ್ತದೆ. ಅದರ ಜ್ಯಾಮಿತಿಯನ್ನು ಎಲ್ಲರೂ ಮೆಚ್ಚುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ. ಆದರೆ ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆಯನ್ನು ಅದೇ ಕೃತಿಯ ಅಂಗವೆಂದು ನೋಡುವವರು ಕಡಮೆ.

ನೀರಿಲ್ಲದೆ ಬೆಳಕೊಂದನ್ನೇ ನೆಚ್ಚಿದ ಕೃತಿಗಳೂ ಇಷ್ಟೇ ನಾಜೂಕಾದವು ಎಂಬುದಕ್ಕೆ ಬೆಂಗಳೂರಿನ ಗವಿಗಂಗಾಧರೇಶ್ವರ ಗುಹಾಲಯ ಸಾಕ್ಷಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಸ್ಪರ್ಶಿಸುವುದು ಪ್ರಸಿದ್ಧ. 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಡೇನಿಯಲ್ ಬಂಧುಗಳು ರಚಿಸಿದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು, ನಂತರ ಸೇರಿದ ಕಟ್ಟಡಭಾಗಗಳಿಂದ ಬೆಳಕಿನ ಪ್ರವೇಶದಲ್ಲಿ ವ್ಯತ್ಯಾಸವಾಗಿದೆಯೆಂದು ತೋರಿಸಿತು. ಒಂದು ಗೋಡೆ ಸಾಕು, ಕೃತಿ ಬದಲಾಗಲು.

ನಂದಿಯ ಕಲ್ಯಾಣಿಯಲ್ಲಿ ನೀರು ಸುಮ್ಮನೆ ನಿಂತಿದೆ. ನೀರನ್ನು ಚಲಿಸುವಂತೆ ಮಾಡಿ, ಮನುಷ್ಯನನ್ನು ಅದರ ನಡುವೆಯೇ ಕೂರಿಸಿದ ವಾಸ್ತುವನ್ನು ಕಾಣಲು ರಾಜ್ಯದ ಇನ್ನೊಂದು ಬರಡು ಭಾಗವಾದ ವಿಜಯಪುರದ ಕಡೆಗೆ ಹೋಗಬೇಕು. ಶಿಯಾ ಪಂಥವನ್ನು ರಾಜಧರ್ಮವಾಗಿ ಘೋಷಿಸಿದ ಯೂಸುಫ್ ಆದಿಲ್ ಖಾನನಿಂದ ಆರಂಭವಾದ ಆದಿಲಶಾಹಿ ಮನೆತನ ಪರ್ಷಿಯಾದೊಡನೆ ನಿಕಟ ಸಂಬಂಧ ಇಟ್ಟುಕೊಂಡಿತ್ತು. ಅಲೀಪುರಕ್ಕೂ ವಿಜಯಪುರಕ್ಕೂ ನೇರ ವಂಶಾವಳಿಯೊಂದನ್ನು ಕಲ್ಪಿಸುವುದು ಇಲ್ಲಿನ ಉದ್ದೇಶವಲ್ಲ. ನೀರಿಗೆ ಅರ್ಥ ನೀಡಿದ ಒಂದೇ ಸಂಸ್ಕೃತಿಯ ಎರಡು ನೆಲೆಗಳೆಂದು ನೋಡಿದರೆ ಸಾಕು. ಮುಹಮ್ಮದ್ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಾಲಾಬಿನಿಂದ ನಗರಕ್ಕೆ ಕೊಳವೆಗಳಲ್ಲಿ ನೀರು ತರಲಾಯಿತು. ದಾರಿಯುದ್ದಕ್ಕೂ ನಿಲ್ಲಿಸಿದ ‘ಗಂಜ್’ ಎಂಬ ಗೋಪುರಗಳು ನೀರಿನ ಒತ್ತಡವನ್ನು ಹದಗೊಳಿಸುತ್ತಿದ್ದವು. ಇದೇ ತಂತ್ರಜ್ಞಾನದ ವಿನೋದರೂಪ ಕುಮಟಗಿಯಲ್ಲಿದೆ.

ವಿಜಯಪುರದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರಿನೊಳಗೆ ಇರುವ ಕುಮಟಗಿ ಆದಿಲಶಾಹಿಗಳ ವಿಹಾರಸ್ಥಾನವಾಗಿತ್ತು. ಕೆರೆಯ ಪಕ್ಕದಲ್ಲಿ ಕೆಲವು ಮಂಟಪಗಳು, ಕೊಳದ ನಡುವೆ ನಿಂತ ಒಂದು ಮಂಟಪ, ನೀರನ್ನು ಎತ್ತರಕ್ಕೇರಿಸಿ ಸಂಗ್ರಹಿಸುವ ಗೋಪುರ ಇವು ಮುಖ್ಯ ಅಂಗಗಳು. ಗೋಪುರದಿಂದ ಕೊಳವೆಗಳಲ್ಲಿ ಇಳಿದ ನೀರು ತನ್ನದೇ ಭಾರದಿಂದ ಮಂಟಪವನ್ನು ಸೇರಿ, ಕಾರಂಜಿಗಳಲ್ಲಿ ಚಿಮ್ಮಿ, ಚಾವಣಿಯ ರಂಧ್ರಗಳಿಂದ ತುಂತುರಾಗಿ ಸುರಿಯುತ್ತಿತ್ತು. ಕಮಾನುಗಳ ಮೂಲಕ ಒಳಬರುವ ಓರೆಬಿಸಿಲು ಈ ಹನಿಗಳ ಪರದೆಯನ್ನು ಹಾದೇ ಗೋಡೆಯ ವರ್ಣಚಿತ್ರಗಳನ್ನು ತಲುಪಬೇಕಾಗಿತ್ತು. ಚೌಗಾನ್ ಆಡುವ ಸವಾರರು, ಕುಸ್ತಿಪಟುಗಳು, ಯುರೋಪಿಯನ್ ಉಡುಪಿನ ವ್ಯಕ್ತಿಗಳು ಆ ಚಿತ್ರಗಳಲ್ಲಿ ಕಂಡುಬರುತ್ತಾರೆ. ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ವಾಸ್ತುವನ್ನು ಕುರಿತ ಬೃಹತ್ ಗ್ರಂಥದಲ್ಲಿ ಈ ಜಲಯಂತ್ರಗಳ ವರ್ಣನೆ ಇದೆ. 2012ರಲ್ಲಿ ಲಂಡನ್ನಿನ ಬಾರ್ಬಿಕನ್ ಕೇಂದ್ರದಲ್ಲಿ ‘ರೇನ್ ರೂಮ್’ ಎಂಬ ಕೃತಿ ಕೋಣೆಯೊಳಗೆ ಮಳೆ ಸುರಿಸಿ ಜನರನ್ನು ಬೆರಗುಗೊಳಿಸಿತು. ಅಲ್ಲಿ ಸಂವೇದಕಗಳು ನೋಡುಗನು ನೆನೆಯದಂತೆ ನೋಡಿಕೊಂಡವು. ಕುಮಟಗಿಯಲ್ಲಿ ನೆನೆಯುವುದೇ ಉದ್ದೇಶ. ಒಣನಾಡಿನ ಅರಸನಿಗೆ ಮಳೆಯ ಭ್ರಮೆ ಬೇಕಾಗಿರಲಿಲ್ಲ, ಮಳೆಯೇ ಬೇಕಾಗಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಇಂದು ಕುಮಟಗಿಯ ಕೊಳ ಸಾಮಾನ್ಯವಾಗಿ ಒಣಗಿರುತ್ತದೆ, ಚಿತ್ರಗಳು ಬಹಳಮಟ್ಟಿಗೆ ಮಸುಕಾಗಿವೆ. ನೀರನ್ನು ಮರಳಿ ಹರಿಸಿದರೆ ಕೃತಿ ಜೀವಂತವಾದೀತು ಎಂದು ಸುಲಭವಾಗಿ ಹೇಳಬಹುದಾದರೂ ಸಂರಕ್ಷಣೆಯ ದೃಷ್ಟಿಯಿಂದ ಅದು ಅಷ್ಟು ಸುಲಭದ ಮಾತಲ್ಲ. ಗಾರೆಯ ಮೇಲಿನ ವರ್ಣಕ್ಕೆ ತೇವಾಂಶ ಶತ್ರು. ಹರಿಯುವ ನೀರು ಹಳೆಯ ಕೊಳವೆಗಳ ಬಿರುಕುಗಳಿಂದ ಗೋಡೆಯೊಳಕ್ಕೆ ಇಳಿದರೆ ಲವಣಗಳು ಮೇಲ್ಮೈಗೆ ಬಂದು ಉಳಿದ ಚಿತ್ರವೂ ಉದುರೀತು. ಚಿತ್ರವನ್ನು ಉಳಿಸಬೇಕಾದರೆ ನೀರನ್ನು ದೂರವಿಡಬೇಕು. ವಾಸ್ತುವನ್ನು ಅರಿಯಬೇಕಾದರೆ ನೀರು ಬೇಕು. ಈ ಇಕ್ಕಟ್ಟಿನಲ್ಲಿ ಮಂಟಪದೊಳಗಿನ ಯಂತ್ರವನ್ನು ಮುಟ್ಟದೆ ಹೊರಗಿನ ಕೊಳವನ್ನಷ್ಟೇ, ಅದರ ತಳವನ್ನು ಪರೀಕ್ಷಿಸಿದ ನಂತರ, ತುಂಬಿಸುವುದು ಒಪ್ಪಬಹುದಾದ ಮಧ್ಯಮಮಾರ್ಗವೆನಿಸುತ್ತದೆ. ಪ್ರತಿಬಿಂಬವಾದರೂ ಮರಳಿ ಬಂದೀತು.

ಮೂರನೆಯ ನಿದರ್ಶನ ಕನ್ನಡಿಗರೆಲ್ಲರಿಗೂ ಚಿರಪರಿಚಿತ. ಅತಿಪರಿಚಯದಿಂದಲೇ ಅದನ್ನು ಕಲೆಯೆಂದು ಯಾರೂ ಗಣಿಸಲಾರರು. ಕೃಷ್ಣರಾಜಸಾಗರದ ಬೃಂದಾವನವನ್ನು 1927ರಿಂದ 1932ರ ಅವಧಿಯಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ರೂಪಿಸಲಾಯಿತು. ವಿನ್ಯಾಸದಲ್ಲಿ ಲಾಲ್‌ಬಾಗಿನ ಜಿ. ಎಚ್. ಕ್ರುಂಬಿಗಲ್ ಅವರ ಪಾತ್ರವಿದೆ. ಮಾದರಿ ಕಾಶ್ಮೀರದ ಶಾಲಿಮಾರ್, ಅದರ ಹಿಂದೆ ಪರ್ಷಿಯಾದ ಉದ್ಯಾನ. ಮಿರ್ಜಾ ಅವರ ಪಿತಾಮಹ ಅಲಿ ಅಸ್ಕರ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶಿರಾಜಿನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ ಎಂಬುದನ್ನು ನೆನೆದರೆ ಈ ಆಯ್ಕೆ ಆಕಸ್ಮಿಕವೆನಿಸದು. ಅಣೆಕಟ್ಟಿನ ಹಿಂದಿನ ನೀರಿನ ಎತ್ತರವೇ ಇಳಿಜಾರಿನ ಉದ್ಯಾನಕ್ಕೆ ಒದಗಿದ ಶಕ್ತಿ. 1902ರಲ್ಲಿ ಶಿವನಸಮುದ್ರದಲ್ಲಿ ಆರಂಭವಾದ ವಿದ್ಯುತ್ತಿನ ಪರಂಪರೆ ಬೆಳಕನ್ನು ನೀಡಿತು. ಚಿಮ್ಮುವ ನೀರಿನ ಧಾರೆಯೊಳಗೆ ಬೆಳಕು ಸಿಕ್ಕಿಕೊಂಡು ಅದರೊಡನೆಯೇ ಬಾಗಿ ಸಾಗುತ್ತದೆಂಬುದನ್ನು 1841ರಲ್ಲಿಯೇ ಜಿನೀವಾದ ಡೇನಿಯಲ್ ಕೊಲಾಡನ್ ತೋರಿಸಿದ್ದ. ಪ್ರಯೋಗಶಾಲೆಯ ಆ ಕೌತುಕ ಯುರೋಪಿನ ಪ್ರದರ್ಶನಗಳ ಕಾರಂಜಿಗಳಿಗೆ ಬಂದು, ಅಲ್ಲಿಂದ ಕಾವೇರಿಯ ದಡಕ್ಕೆ ಬಂದಿತು. ಅರಸರಿಗೆ ಮೀಸಲಾಗಿದ್ದ ಅನುಭವವನ್ನು ಟಿಕೆಟ್ ಕೊಂಡ ಯಾರಾದರೂ ಪಡೆಯುವಂತಾದುದು ಬೃಂದಾವನದ ನಿಜವಾದ ಸಾಧನೆ. ಚಲನಚಿತ್ರದ ಹಾಡುಗಳು ಅದನ್ನು ಸವಕಲು ಮಾಡಿರಬಹುದು; ಅದು ವಾಸ್ತುವಿನ ದೋಷವಲ್ಲ.

ಈ ಮೂರನ್ನೂ ಸ್ವಿಟ್ಜರ್ಲೆಂಡಿನ ಮೋಡ ಮತ್ತು ತೆಶಿಮಾದ ಹನಿಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ‘ಬ್ಲರ್ ಬಿಲ್ಡಿಂಗ್’ ಪ್ರದರ್ಶನ ಮುಗಿದ ಮೇಲೆ ಕಳಚಿಹೋಯಿತು. ಅಲ್ಪಾಯುಷ್ಯ ಅದರ ಸ್ವಭಾವ, ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಕಲ್ಯಾಣಿ ಹಾಗಲ್ಲ. ಅದು ಕೆರೆ, ಕಾಲುವೆ, ಅಂತರ್ಜಲಗಳೊಡನೆ ಶಾಶ್ವತ ಸಂಬಂಧವನ್ನು ನಂಬಿ ಕಟ್ಟಿದ್ದು. ಆ ಸಂಬಂಧವನ್ನು ಉಳಿಸಿಕೊಂಡು ಬಂದವರು ಶಿಲ್ಪಿಗಳಲ್ಲ. ಕೆರೆ ಕಟ್ಟಿದವರಿಗೆ, ನೋಡಿಕೊಂಡವರಿಗೆ ಭೂಮಿಯನ್ನು ‘ಕೊಡಗೆ’ಯಾಗಿ ನೀಡಿದ ಶಾಸನಗಳು 1905ರಲ್ಲಿ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ, ಕೋಲಾರ ಜಿಲ್ಲೆಯ ಸಂಪುಟದಲ್ಲಿ ಹೇರಳವಾಗಿವೆ. ತೂಬು ತೆರೆದು ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚಿ, ಕಾಲುವೆಯ ಹೂಳು ತೆಗೆಸುತ್ತಿದ್ದ ‘ನೀರುಗಂಟಿ’ಗಳು ಈ ಭಾಗದಲ್ಲಿ ಬಹುಮಟ್ಟಿಗೆ ದಲಿತ ಸಮುದಾಯಗಳಿಗೆ ಸೇರಿದವರು. ದಾನಿಯ ಹೆಸರು ಶಾಸನದಲ್ಲಿದೆ, ರಾಜವಂಶದ ಹೆಸರು ಕಲಾಚರಿತ್ರೆಯಲ್ಲಿದೆ. ಕೃತಿಯ ಸಾಮಗ್ರಿಯನ್ನು ವರ್ಷವರ್ಷವೂ ಒದಗಿಸಿದವರ ಹೆಸರು ಎರಡರಲ್ಲೂ ಇಲ್ಲ.

ಕಾನೂನಿನ ದೃಷ್ಟಿಯೂ ಕಲ್ಲಿನ ಮೇಲೆಯೇ ನೆಟ್ಟಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆಗೆ 200 ಮೀಟರು ನಿಯಂತ್ರಿತ ವಲಯ. ಕಟ್ಟಡಗಳ ಒತ್ತುವರಿಯನ್ನು ತಡೆಯಲು ಈ ಅಳತೆ ಉಪಯುಕ್ತ. ಆದರೆ ಕೊಳವನ್ನು ಸೇರುವ ನೀರು 300 ಮೀಟರಿನೊಳಗೆ ಹುಟ್ಟುವುದಿಲ್ಲ. ಬೆಟ್ಟದ ಇಳಿಜಾರಿನ ಕಲ್ಲುಗಣಿ, ರಾಜಕಾಲುವೆಯ ಒತ್ತುವರಿ, ಕಿಲೋಮೀಟರುಗಳಾಚೆಯ ಕೊಳವೆಬಾವಿಗಳ ಸಾಲು ಇವು ಯಾವುವೂ ಸ್ಮಾರಕದ ರಕ್ಷಕನ ವ್ಯಾಪ್ತಿಗೆ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಚೇತರಿಸಿಕೊಳ್ಳುತ್ತದೆಂಬುದು ಯೋಜನೆಯ ಆಶಯ. ಎರಡನೆಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂಬುದು ಜನರ ಆಗ್ರಹ. ಈ ವಾದದ ಮುಖ್ಯ ವಿಷಯ ಕುಡಿಯುವ ನೀರು ಮತ್ತು ಬೇಸಾಯ, ಹಾಗೆಯೇ ಇರಬೇಕು. ಆದರೂ ಪೋಷಕಾಂಶಗಳು ಹೆಚ್ಚಾದ ನೀರಿನ ಮೇಲೆ ಪಾಚಿ ಹರಡುತ್ತದೆ, ಪಾಚಿ ಹರಡಿದ ನೀರು ಆಕಾಶವನ್ನು ತೋರಿಸುವುದಿಲ್ಲ ಎಂಬುದನ್ನೂ ಆ ಚರ್ಚೆಯ ಒಂದು ಬದಿಯಲ್ಲಿ ಬರೆದಿಡಬಹುದು.

ಕಲ್ಯಾಣಿಗಳ ಸಮೀಕ್ಷೆ ಮಾಡುವವರು ಇಂದು ಉದ್ದ, ಅಗಲ, ಮೆಟ್ಟಿಲುಗಳ ಸಂಖ್ಯೆ, ಕಲ್ಲಿನ ಜಾತಿ, ಶಾಸನ ಇವನ್ನು ದಾಖಲಿಸುತ್ತಾರೆ. ಇವುಗಳ ಜೊತೆಗೆ ಕೆಲವು ಅಂಕಣಗಳು ಸೇರಬೇಕು: ಪ್ರತಿ ತಿಂಗಳು ನೀರು ಯಾವ ಮೆಟ್ಟಿಲಿನಲ್ಲಿ ನಿಲ್ಲುತ್ತದೆ, ಕಲ್ಲಿನ ಮೇಲೆ ಉಳಿದ ಹಳೆಯ ನೀರಿನ ಕಲೆಯ ಗೆರೆ ಎಷ್ಟು ಎತ್ತರದಲ್ಲಿದೆ, ನೀರು ಯಾವ ದಿಕ್ಕಿನ ಯಾವ ಕಿಂಡಿಯಿಂದ ಬರುತ್ತಿತ್ತು, ಹಬ್ಬದ ರಾತ್ರಿ ದೀಪಗಳನ್ನು ಯಾವ ಸಾಲುಗಳಲ್ಲಿ ಇಡುತ್ತಾರೆ, ನೀರು ಪೂರ್ತಿ ತುಂಬಿದ್ದನ್ನು ಊರಿನ ಹಿರಿಯರು ಕೊನೆಯ ಬಾರಿಗೆ ಕಂಡದ್ದು ಯಾವ ವರ್ಷ. ಈ ಕೊನೆಯ ಪ್ರಶ್ನೆಗೆ ಉತ್ತರಿಸಬಲ್ಲವರ ಸಂಖ್ಯೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಲ್ಲಿ ಇಳಿಯುತ್ತಿರುವುದರಿಂದ ಸಮೀಕ್ಷೆ ಆ ಅಂಕಣದಿಂದಲೇ ಆರಂಭವಾಗುವುದು ಯುಕ್ತ.